ಕರುಳಿಗೆ ಬಿಡುವು: ಉಪವಾಸ ಮತ್ತು ಉರಿಯೂತ

ಕಳೆದ ವರ್ಷ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಎರಡನೆಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಗಳು ಕೇಟರನ ಲೋಲಕದ ಪ್ರಯೋಗವನ್ನು ಮಾಡುತ್ತಿದ್ದರು. ಲೋಲಕವು ಐವತ್ತು ಸಲ ತೂಗಾಡಲು ಎಷ್ಟು ಕಾಲ ಹಿಡಿಯುವುದೆಂದು ಎಣಿಸಬೇಕು. ನಡುವೆ ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಒಬ್ಬ ಹುಡುಗನು ಮಾತ್ರ ಇಪ್ಪತ್ತೋ ಮೂವತ್ತೋ ಎಣಿಸುವಷ್ಟರಲ್ಲಿ ಗಡಿಯಾರವನ್ನು ಪಕ್ಕದವನ ಕೈಗಿತ್ತು ಹೊರಗೆ ಹೋಗಿಬಿಡುತ್ತಿದ್ದನು. ಎರಡು ಗಂಟೆಗಳಲ್ಲಿ ನಾಲ್ಕು ಸಲ ಹೀಗಾಯಿತು. ಇದು ಉದಾಸೀನವೆಂದು ಬಗೆದು ನಾನು ಎಲ್ಲರೆದುರಿಗೆ ಅವನನ್ನು ಗದರಿಸಿದೆನು. ಹಾಗೆ ಮಾಡಿದ್ದು ತಪ್ಪಾಯಿತೆಂದು ಅದೇ ಸಂಜೆ ನನಗೆ ತಿಳಿಯಿತು.

ತರಗತಿಗಳು ಮುಗಿದ ಮೇಲೆ ಅವನು ನನ್ನ ಕೊಠಡಿಗೆ ಬಂದು, ತನಗೆ ಎರಡು ವರ್ಷಗಳಿಂದ ದೊಡ್ಡ ಕರುಳಿನಲ್ಲಿ ಹುಣ್ಣುಗಳಾಗುವ ಕಾಯಿಲೆಯಿದೆಯೆಂದೂ, ದಿನಕ್ಕೆ ಎಂಟು ಹತ್ತು ಸಲ ರಕ್ತಭೇದಿಯಾಗುವುದೆಂದೂ ಹೇಳಿದನು. 61 ಕಿಲೋಗ್ರಾಂ ಇದ್ದ ಅವನ ತೂಕ 49ಕ್ಕೆ ಇಳಿದಿದ್ದಿತು. ಮೂರು ವಾರಗಳಿಂದ ಅವನು ದಿನಕ್ಕೆ ಒಂದೇ ಹೊತ್ತು ಊಟ ಮಾಡುತ್ತಿದ್ದನು. ಉಪವಾಸದಿಂದ ಈ ಕಾಯಿಲೆ ವಾಸಿಯಾಗುವುದೆಂದು ಯಾರೋ ಹೇಳಿದ್ದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಗಳನ್ನೂ ಬಿಟ್ಟಿದ್ದನು. ನಾನು ಆಕ್ಷೇಪಿಸಿದಾಗ ಅವನು ಕೇಳಿದ ಪ್ರಶ್ನೆ ಇದು: “ಸಾರ್, ಯಂತ್ರ ಕೆಟ್ಟರೆ ಮೊದಲು ಅದನ್ನು ನಿಲ್ಲಿಸಿ ಆಮೇಲಲ್ಲವೆ ರಿಪೇರಿ ಮಾಡುವುದು? ಕರುಳನ್ನೂ ನಿಲ್ಲಿಸಿದರೆ ತಾನೇ ವಾಸಿಯಾಗುವುದು?”

ನಾನು ಭೌತಶಾಸ್ತ್ರದ ಅಧ್ಯಾಪಕ, ವೈದ್ಯನಲ್ಲ. ಆದರೆ ಪ್ರಶ್ನೆಯು ತರ್ಕಬದ್ಧವಾಗಿದ್ದಿತು. ಅದಕ್ಕೆ ತರ್ಕಬದ್ಧವಾದ ಉತ್ತರವನ್ನೇ ಕೊಡಬೇಕಾಗಿದ್ದಿತು. ವೈದ್ಯಮಿತ್ರರೊಬ್ಬರ ನೆರವಿನಿಂದ ಕೆಲವು ತಿಂಗಳು ಓದಿ ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಎರಡು ಕಾಯಿಲೆಗಳು

ಕರುಳಿನ ಉರಿಯೂತ ಎಂಬ ಒಂದೇ ಹೆಸರಿನಡಿಯಲ್ಲಿ ಮುಖ್ಯವಾಗಿ ಎರಡು ಕಾಯಿಲೆಗಳು ಸೇರಿವೆ. ಮೊದಲನೆಯದು ಅಲ್ಸರೇಟಿವ್ ಕೊಲೈಟಿಸ್. ಇದನ್ನು 1859ರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ವಿಲ್ಕ್ಸ್ ಎಂಬ ವೈದ್ಯನು ವರ್ಣಿಸಿದನು. ಇದು ದೊಡ್ಡ ಕರುಳಿಗೆ ಮಾತ್ರ ಸೀಮಿತವಾದುದು. ಗುದನಾಳದಿಂದ ಆರಂಭವಾಗಿ ಮೇಲಕ್ಕೆ ಹಬ್ಬುವುದು. ಕರುಳಿನ ಗೋಡೆಯ ಒಳಪದರವನ್ನಷ್ಟೇ ಕೆಡಿಸುವುದು. ಎರಡನೆಯದು ಕ್ರೋನ್ ಕಾಯಿಲೆ. ಇದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಆದರೂ ಸಣ್ಣ ಕರುಳಿನ ಕೊನೆಯ ಭಾಗವೇ ಇದಕ್ಕೆ ಹೆಚ್ಚು ಪ್ರಿಯವಾದ ತಾಣ. ಇದು ಗೋಡೆಯ ಪೂರ್ತಿ ದಪ್ಪವನ್ನು ಆಕ್ರಮಿಸುವುದರಿಂದ ಕರುಳಿನ ನಾಳವು ಕಿರಿದಾಗುವುದೂ ಗೋಡೆಯಲ್ಲಿ ರಂಧ್ರಗಳು ಬೀಳುವುದೂ ಉಂಟು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು 14 ರೋಗಿಗಳ ವಿವರಗಳೊಂದಿಗೆ ಇದನ್ನು ಪ್ರಕಟಿಸಿದರು. ಲೇಖಕರ ಹೆಸರುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದ್ದುದರಿಂದ ಕ್ರೋನನ ಹೆಸರು ಮೊದಲು ಬಂದು, ಕಾಯಿಲೆಗೆ ಅವನ ಹೆಸರೇ ನಿಂತಿತು.

ಇವು ಪಾಶ್ಚಾತ್ಯರ ಕಾಯಿಲೆಗಳೆಂಬ ಭಾವನೆ ನಮ್ಮಲ್ಲಿ ಬಹುಕಾಲ ಇದ್ದಿತು. ಪಂಜಾಬಿನಲ್ಲಿ 51,910 ಜನರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ವರದಿಯೊಂದು ಈ ಭಾವನೆಯನ್ನು ಅಲುಗಿಸಿತು. ಅವರಲ್ಲಿ 23 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇದ್ದಿತು. ಅಂದರೆ ಲಕ್ಷಕ್ಕೆ ಸುಮಾರು 44 ಮಂದಿ. ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಇದೆ. ಕರುಳಿನ ಕ್ಷಯವು ಕ್ರೋನ್ ಕಾಯಿಲೆಯನ್ನು ಎಷ್ಟೊಂದು ಹೋಲುವುದೆಂದರೆ, ನುರಿತ ವೈದ್ಯರಿಗೂ ಎರಡನ್ನು ಬೇರ್ಪಡಿಸುವುದು ಕಷ್ಟ. ತಮ್ಮ ಕಾಯಿಲೆ ಯಾವುದೆಂದೇ ನಿರ್ಧಾರವಾಗದೆ ಆಹಾರದ ಪ್ರಯೋಗಕ್ಕೆ ಇಳಿಯುವವರು ಇದನ್ನು ಮೊದಲು ನೆನೆಯಬೇಕು.

ಉರಿಯೂತವೆಂಬುದು ಸ್ವತಃ ರೋಗವಲ್ಲ; ಅದು ದೇಹದ ರಕ್ಷಣೆಯ ಒಂದು ಕ್ರಮ. ಗಾಯವಾದೆಡೆಗೆ ಬಿಳಿಯ ರಕ್ತಕಣಗಳು ಧಾವಿಸುತ್ತವೆ, ಶತ್ರುವನ್ನು ಕೊಲ್ಲುವ ವಸ್ತುಗಳನ್ನು ಸುರಿಸುತ್ತವೆ, ಕೆಲಸ ಮುಗಿದ ಮೇಲೆ ಹಿಮ್ಮೆಟ್ಟುತ್ತವೆ. ಈ ಕಾಯಿಲೆಗಳಲ್ಲಿ ಹಿಮ್ಮೆಟ್ಟುವ ಆಜ್ಞೆಯು ಪಾಲನೆಯಾಗುವುದಿಲ್ಲ. ಆನುವಂಶಿಕ ಗುಣಗಳು, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು, ಆಹಾರ, ಪರಿಸರ ಇವೆಲ್ಲವೂ ಸೇರಿ ಇದಕ್ಕೆ ಕಾರಣವೆಂಬುದು ವಿಜ್ಞಾನಿಗಳ ಅಭಿಪ್ರಾಯ.

ಕರುಳು ನಿಲ್ಲುವುದುಂಟೆ?

ಈಗ ಹುಡುಗನ ಪ್ರಶ್ನೆಗೆ ಬರೋಣ. ಆಹಾರವಿಲ್ಲದಿದ್ದಾಗ ಕರುಳು ನಿಜವಾಗಿಯೂ ನಿಲ್ಲುತ್ತದೆಯೆ? ಇಲ್ಲ. ಊಟವಾಗಿ ಕೆಲವು ಗಂಟೆಗಳು ಕಳೆದ ಮೇಲೆ ಜಠರದಲ್ಲಿ ಒಂದು ಬಲವಾದ ಅಲೆಯೆದ್ದು ಸಣ್ಣ ಕರುಳಿನ ಉದ್ದಕ್ಕೂ ನಿಧಾನವಾಗಿ ಸಾಗುತ್ತದೆ. 90ರಿಂದ 120 ನಿಮಿಷಗಳಿಗೊಮ್ಮೆ ಇಂತಹ ಅಲೆ ಮರಳಿ ಮರಳಿ ಬರುತ್ತದೆ. ಉಳಿದ ಆಹಾರದ ಚೂರುಗಳನ್ನೂ ಉದುರಿದ ಜೀವಕಣಗಳನ್ನೂ ಸೂಕ್ಷ್ಮಜೀವಿಗಳನ್ನೂ ಅದು ಮುಂದಕ್ಕೆ ಗುಡಿಸುತ್ತದೆ. ಒಂದು ತುತ್ತು ಬಾಯಿಗೆ ಹಾಕಿದೊಡನೆ ಈ ಗುಡಿಸುವಿಕೆ ನಿಲ್ಲುತ್ತದೆ. ಹಸಿದಾಗ ಹೊಟ್ಟೆ ಗುಡುಗುಟ್ಟುವುದು ಬಹುಮಟ್ಟಿಗೆ ಇದರ ಸದ್ದೇ. ಆದ್ದರಿಂದ ದಿನವಿಡೀ ಏನಾದರೊಂದನ್ನು ಮೆಲ್ಲುತ್ತಿರುವವನ ಕರುಳಿಗೆ ಗುಡಿಸಲು ಸಮಯ ದೊರೆಯುವುದಿಲ್ಲವೆಂಬುದು ನಿಜ. ಆದರೆ ಗುಡಿಸುವುದೂ ಒಂದು ಕೆಲಸವೇ; ಉಪವಾಸದಲ್ಲಿ ಕರುಳಿನ ಕೆಲಸ ಬದಲಾಗುತ್ತದೆ, ನಿಲ್ಲುವುದಿಲ್ಲ.

ಮುಖ್ಯವಾದ ಸಂಗತಿ ಇನ್ನೂ ಒಂದಿದೆ. ಕರುಳಿನ ಒಳಪದರವು ನಮ್ಮ ದೇಹದಲ್ಲಿ ಅತಿ ಬೇಗ ಹೊಸದಾಗುವ ಅಂಗಾಂಶಗಳಲ್ಲಿ ಒಂದು. ಮೂರರಿಂದ ಐದು ದಿನಗಳಲ್ಲಿ ಹಳೆಯ ಜೀವಕಣಗಳು ಉದುರಿ ಹೊಸವು ಅವುಗಳ ಸ್ಥಾನಕ್ಕೆ ಬರುತ್ತವೆ. ಈ ಪದರದ ಒಟ್ಟು ಹರವು ಟೆನಿಸ್ ಅಂಗಳದಷ್ಟೆಂದು ನಾವು ಓದಿದ ಪಠ್ಯಪುಸ್ತಕಗಳಲ್ಲಿದ್ದಿತು. 2014ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಹೊಸದಾಗಿ ಅಳೆದು, ಅದು ಸುಮಾರು 32 ಚದರ ಮೀಟರ್, ಅಂದರೆ ಬ್ಯಾಡ್ಮಿಂಟನ್ ಅಂಗಳದ ಅರ್ಧದಷ್ಟು ಮಾತ್ರವೆಂದು ತೋರಿಸಿದರು. ಅಳತೆಯ ಪ್ರೇಮಿಯಾದ ನನಗೆ ಇದರಿಂದ ಸಂತೋಷವಾಯಿತು. ಅದಿರಲಿ, ಅರ್ಧ ಬ್ಯಾಡ್ಮಿಂಟನ್ ಅಂಗಳವನ್ನು ವಾರದೊಳಗೆ ಹೊಸದಾಗಿ ಹಾಸಬೇಕಾದರೆ ಸಾಮಗ್ರಿ ಬೇಡವೆ? ಆ ಸಾಮಗ್ರಿಯು ಬಹುಮಟ್ಟಿಗೆ ನಾಳದೊಳಗಿನಿಂದಲೇ ಬರುವುದು. ದೊಡ್ಡ ಕರುಳಿನ ಜೀವಕಣಗಳಿಗಂತೂ ಮುಖ್ಯ ಇಂಧನವೆಂದರೆ ಬ್ಯುಟಿರೇಟ್ ಎಂಬ ವಸ್ತು. ನಾವು ತಿಂದ ನಾರನ್ನು ಅಲ್ಲಿಯ ಸೂಕ್ಷ್ಮಜೀವಿಗಳು ಹುಳಿಸಿ ಇದನ್ನು ತಯಾರಿಸುತ್ತವೆ.

ಕರುಳನ್ನು ಪೂರ್ಣವಾಗಿ ಖಾಲಿ ಬಿಟ್ಟರೆ ಏನಾಗುವುದೆಂಬುದಕ್ಕೆ ಶಸ್ತ್ರವೈದ್ಯರೇ ಸಾಕ್ಷಿ ಒದಗಿಸಿದ್ದಾರೆ. ಬೇರೆ ಬೇರೆ ಕಾರಣಗಳಿಗಾಗಿ ಮಲವನ್ನು ಹೊಟ್ಟೆಯ ಮೇಲೆ ಮಾಡಿದ ರಂಧ್ರದ ಮೂಲಕ ಹೊರಹರಿಸಿ, ಕೆಳಗಿನ ಕರುಳನ್ನು ಬರಿದಾಗಿ ಬಿಡುವ ಚಿಕಿತ್ಸೆಯೊಂದುಂಟು. ಹೀಗೆ ಬಿಡುವು ಪಡೆದ ಆರೋಗ್ಯವಂತ ಕರುಳಿನ ತುಂಡಿನಲ್ಲಿಯೇ ಉರಿಯೂತ ಹುಟ್ಟುವುದನ್ನು 1981ರಲ್ಲಿ ಗ್ಲಾಟ್ಸರ್ ಮತ್ತು ಅವನ ಸಂಗಡಿಗರು ವರ್ಣಿಸಿದರು. ನಾಳವನ್ನು ಮತ್ತೆ ಜೋಡಿಸಿ ಅದರಲ್ಲಿ ಮಲ ಹರಿಯುವಂತೆ ಮಾಡಿದರೆ ಆ ಉರಿಯೂತ ಇಳಿದುಹೋಗುವುದು. ಯಂತ್ರದ ಹೋಲಿಕೆ ಇಲ್ಲಿಗೇ ಮುರಿದುಬಿತ್ತು. ನಿಲ್ಲಿಸಿದ ಪಂಪು ಸವೆಯುವುದಿಲ್ಲ. ನಿಲ್ಲಿಸಿದ ಕರುಳು ಸವೆಯುವುದು.

ಬಿಡುವಿನ ಪರೀಕ್ಷೆ

ಹುಡುಗನ ತರ್ಕವು ಅವನೊಬ್ಬನದೇ ಅಲ್ಲ. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ದೊಡ್ಡ ದೊಡ್ಡ ವೈದ್ಯರೂ ಹಾಗೆಯೇ ಯೋಚಿಸಿದರು. ಬಾಯಿಗೆ ಏನನ್ನೂ ಕೊಡದೆ, ಸಕ್ಕರೆ, ಅಮೈನೋ ಆಮ್ಲ, ಕೊಬ್ಬು ಇವುಗಳ ದ್ರಾವಣವನ್ನು ನೇರವಾಗಿ ರಕ್ತನಾಳಕ್ಕೆ ಹರಿಸುವ ವಿಧಾನ ಅಷ್ಟರಲ್ಲಿ ಸಿದ್ಧವಾಗಿದ್ದಿತು. ರೋಗಿಗಳು ಅನೇಕರು ಚೇತರಿಸಿಕೊಂಡರು. ಆದರೆ ಚೇತರಿಕೆಗೆ ಕಾರಣ ಬಿಡುವೋ ಪೋಷಣೆಯೋ? ಎರಡು ಚರಗಳು ಒಟ್ಟಿಗೆ ಬದಲಾದಾಗ ಯಾವುದರ ಪರಿಣಾಮ ಯಾವುದೆಂದು ಹೇಳಲಾಗದು. ಇದು ನಮ್ಮ ಪ್ರಯೋಗಶಾಲೆಯ ಮೊದಲನೆಯ ಪಾಠವಷ್ಟೆ.

1986ರಲ್ಲಿ ಇಂಗ್ಲೆಂಡಿನ ವೈದ್ಯರು ತೀವ್ರವಾದ ಕೊಲೈಟಿಸಿನಿಂದ ನರಳುತ್ತಿದ್ದ 47 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರಕ್ತನಾಳದ ಮೂಲಕ ಪೋಷಣೆಯನ್ನೂ ಇನ್ನೊಂದಕ್ಕೆ ಬಾಯಿಯ ಮೂಲಕ ಆಹಾರವನ್ನೂ ಕೊಟ್ಟು ನೋಡಿದರು. ಎರಡು ಗುಂಪುಗಳ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. 1988ರಲ್ಲಿ ಕೆನಡಾದವರು ಕ್ರೋನ್ ಕಾಯಿಲೆಯ 51 ರೋಗಿಗಳನ್ನು ಮೂರು ಗುಂಪು ಮಾಡಿದರು. ಮೊದಲನೆಯವರಿಗೆ ಸಂಪೂರ್ಣ ಬಿಡುವು. ಎರಡನೆಯವರಿಗೆ ಕೊಳವೆಯ ಮೂಲಕ ದ್ರವಾಹಾರ. ಮೂರನೆಯವರಿಗೆ ಸಾಮಾನ್ಯ ಊಟದ ಜೊತೆಗೆ ರಕ್ತನಾಳದ ಮೂಲಕ ಒಂದಿಷ್ಟು ಪೋಷಣೆ. ಕಾಯಿಲೆ ಶಮನವಾದವರು ಕ್ರಮವಾಗಿ ನೂರಕ್ಕೆ 71, 58 ಮತ್ತು 60 ಮಂದಿ. ಮೊದಲನೆಯ ಸಂಖ್ಯೆ ಹೆಚ್ಚೆಂದು ತೋರಿದರೂ, ಗುಂಪಿಗೆ ಹದಿನೇಳರಂತೆ ಇರುವಾಗ ಇಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಬಿಡುವೇ ಮುಖ್ಯವಲ್ಲವೆಂದು ಅವರು ತೀರ್ಮಾನಿಸಿದರು.

ಹಾಗಾದರೆ ಆಹಾರಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲವೆ? ಖಂಡಿತವಾಗಿ ಇದೆ. 1984ರಲ್ಲಿ ಓಮೊರೆನ್ ಎಂಬ ವೈದ್ಯನೂ ಅವನ ಸಂಗಡಿಗರೂ ಕ್ರೋನ್ ಕಾಯಿಲೆ ಕೆರಳಿದ್ದ 21 ರೋಗಿಗಳಲ್ಲಿ ಕೆಲವರಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನೂ ಉಳಿದವರಿಗೆ ಊಟದ ಬದಲು ಪೋಷಕಾಂಶಗಳ ದ್ರವವನ್ನೂ ಕೊಟ್ಟರು. ದ್ರವ ಕುಡಿದವರೂ ಔಷಧ ತೆಗೆದುಕೊಂಡವರಷ್ಟೇ ಸುಧಾರಿಸಿದರು. ಮಕ್ಕಳ ಕ್ರೋನ್ ಕಾಯಿಲೆಗೆ ಆರರಿಂದ ಎಂಟು ವಾರಗಳವರೆಗೆ ಇಂತಹ ದ್ರವಾಹಾರವನ್ನೇ ಕೊಡುವುದು ಯೂರೋಪಿನಲ್ಲಿ ಮೊದಲ ಚಿಕಿತ್ಸೆಯಾಗಿದೆ. ಸ್ಟೀರಾಯ್ಡಿನಂತೆ ಇದು ಎಲುಬಿನ ಬೆಳವಣಿಗೆಯನ್ನು ಕುಂಠಿಸುವುದಿಲ್ಲ. ಆದರೆ ವಾಚಕರು ಗಮನಿಸಬೇಕು: ಆ ಮಕ್ಕಳು ಉಪವಾಸ ಮಾಡುತ್ತಿಲ್ಲ. ಅವರಿಗೆ ಬೇಕಾದ ಶಕ್ತಿಯೂ ಪ್ರೋಟೀನೂ ಪೂರ್ತಿಯಾಗಿ ದೊರೆಯುತ್ತವೆ. ಮತ್ತು ಈ ಚಿಕಿತ್ಸೆ ಕ್ರೋನ್ ಕಾಯಿಲೆಗೆ ಸಂಬಂಧಿಸಿದುದು; ಕೊಲೈಟಿಸಿಗೆ ಇದು ಸ್ಥಾಪಿತವಾದ ಚಿಕಿತ್ಸೆಯಲ್ಲ.

ಹೊತ್ತುಗಟ್ಟಿದ ಊಟ

ಈಚಿನ ವರ್ಷಗಳಲ್ಲಿ ಮಾತು ಬೇರೆ ದಾರಿ ಹಿಡಿದಿದೆ. ವಾರಗಟ್ಟಲೆ ಬರಿಹೊಟ್ಟೆಯಲ್ಲಿರುವುದಲ್ಲ, ದಿನದ ಎಂಟು ಗಂಟೆಗಳೊಳಗೆ ಊಟಗಳನ್ನೆಲ್ಲ ಮುಗಿಸಿ ಉಳಿದ ಹದಿನಾರು ಗಂಟೆ ನೀರಿನಲ್ಲಿಯೇ ಇರುವುದು, ಇಲ್ಲವೆ ತಿಂಗಳಿಗೆ ಕೆಲವು ದಿನ ಅಲ್ಪಾಹಾರ ತೆಗೆದುಕೊಳ್ಳುವುದು. ಇದಕ್ಕೆ ಮಧ್ಯಂತರ ಉಪವಾಸವೆಂದು ಹೆಸರು. ಸೂರ್ಯಾಸ್ತದ ಅನಂತರ ಉಣ್ಣದ ಜೈನರ ವ್ರತವು ಇದಕ್ಕೆ ತೀರ ಸಮೀಪದ್ದು. ನಮ್ಮ ಏಕಾದಶಿ ಇದಲ್ಲ. ಅದು ಪಕ್ಷಕ್ಕೊಂದು ದಿನದ್ದು, ಮೇಲಾಗಿ ಅನೇಕ ಮನೆಗಳಲ್ಲಿ ಆ ದಿನದ ಅವಲಕ್ಕಿ, ಸಾಬಕ್ಕಿ, ಹಣ್ಣುಗಳ ಲೆಕ್ಕ ಹಾಕಿದರೆ ಉಪವಾಸವೆಂಬ ಮಾತೇ ನಾಚಬೇಕು.

ಹದಿನಾರು ಗಂಟೆಗಳಲ್ಲಿ ದೇಹದೊಳಗೆ ಏನಾಗುವುದು? ಒಂದು ಸ್ಥೂಲವಾದ ಲೆಕ್ಕ ಮಾಡೋಣ. ಯಕೃತ್ತಿನಲ್ಲಿ ಗ್ಲೈಕೊಜೆನ್ ರೂಪದಲ್ಲಿ ಸುಮಾರು 100 ಗ್ರಾಂ ಸಕ್ಕರೆಯ ದಾಸ್ತಾನಿದೆ. ಮಿದುಳೊಂದೇ ಗಂಟೆಗೆ ಸುಮಾರು 5 ಗ್ರಾಂ ಸಕ್ಕರೆಯನ್ನು ಬಳಸುತ್ತದೆ. ಮಿದುಳಿಗಷ್ಟೇ ಕೊಟ್ಟರೂ ದಾಸ್ತಾನು ಇಪ್ಪತ್ತು ಗಂಟೆಗಳಲ್ಲಿ ಮುಗಿಯಬೇಕು. ಕೆಂಪು ರಕ್ತಕಣಗಳೂ ಪಾಲು ಕೇಳುವುದರಿಂದ ಅದಕ್ಕೆ ಮೊದಲೇ ಬರಿದಾಗತೊಡಗುತ್ತದೆ. ಆಗ ದೇಹವು ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸಲಾರಂಭಿಸುತ್ತದೆ. ಇವುಗಳಲ್ಲಿ ಒಂದು ವಸ್ತುವು ಬಿಳಿಯ ರಕ್ತಕಣಗಳೊಳಗಿನ ಉರಿಯೂತದ ಒಂದು ಕೀಲಿಯನ್ನು ತಡೆಹಿಡಿಯುವುದೆಂದು 2015ರಲ್ಲಿ ಇಲಿಗಳಲ್ಲಿಯೂ ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ಜೀವಕಣಗಳಲ್ಲಿಯೂ ಕಂಡುಬಂದಿತು. ಜೀವಕಣವು ತನ್ನೊಳಗಿನ ಕೆಟ್ಟ ಭಾಗಗಳನ್ನು ತಾನೇ ಕರಗಿಸಿ ಮತ್ತೆ ಬಳಸುವ ಕ್ರಿಯೆಯೊಂದಿದೆ. ಹಸಿವು ಅದನ್ನು ಪ್ರಚೋದಿಸುತ್ತದೆ. ಅದರ ರಹಸ್ಯವನ್ನು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿಗೆ 2016ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಕ್ರಿಯೆಗೆ ಬೇಕಾದ ಜೀನೊಂದರ ಒಂದು ರೂಪಾಂತರವು ಕ್ರೋನ್ ಕಾಯಿಲೆಯ ಸಂಭವವನ್ನು ಹೆಚ್ಚಿಸುವುದೆಂದು 2007ರಲ್ಲಿಯೇ ತಿಳಿದಿದ್ದಿತು. ಎರಡನ್ನೂ ಒಟ್ಟಿಗಿಟ್ಟು ನೋಡಿದವರಿಗೆ ಆಸೆ ಹುಟ್ಟಿದುದು ಸಹಜ.

1932ರಲ್ಲಿ ಕ್ರೋನನು ಕೆಲಸ ಮಾಡುತ್ತಿದ್ದ ಅದೇ ಮೌಂಟ್ ಸೈನಾಯ್ ಸಂಸ್ಥೆಯಿಂದ 2019ರಲ್ಲಿ ಒಂದು ಸ್ವಾರಸ್ಯವಾದ ಸಂಗತಿ ಹೊರಬಂದಿತು. ಕೆಲವು ಗಂಟೆಗಳ ಉಪವಾಸದಿಂದ ರಕ್ತದಲ್ಲಿ ಮಾನೊಸೈಟ್ ಎಂಬ ಉರಿಯೂತಕಾರಕ ಬಿಳಿಯ ಕಣಗಳ ಸಂಖ್ಯೆ ಇಳಿಯುತ್ತದೆ, ಮನುಷ್ಯರಲ್ಲಿಯೂ ಹೀಗೆಯೇ. ಆದರೆ ಆ ಕಣಗಳು ಎಲ್ಲಿಗೆ ಹೋದವು? 2023ರಲ್ಲಿ ಅಲ್ಲಿಯ ವಿಜ್ಞಾನಿಗಳೇ ಇಲಿಗಳಲ್ಲಿ ಇದಕ್ಕೆ ಉತ್ತರ ಕಂಡರು. ಅವು ಎಲುಬಿನ ಮಜ್ಜೆಗೆ ಹಿಂದಿರುಗಿ ಅಡಗಿದ್ದವು. 24 ಗಂಟೆಗಳ ಉಪವಾಸ ಮುಗಿದು ಆಹಾರ ಕೊಟ್ಟೊಡನೆ ಒಮ್ಮೆಲೇ ರಕ್ತಕ್ಕೆ ನುಗ್ಗಿದವು. ಉಪವಾಸದ ಲಾಭವನ್ನು ಹೇಳುವವರು ಸಾಮಾನ್ಯವಾಗಿ ಮೊದಲನೆಯ ಶೋಧವನ್ನು ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತಾರೆ.

2019ರಲ್ಲಿಯೇ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಾಲ್ಟರ್ ಲಾಂಗೊ ತಂಡದವರು ಕರುಳಿನ ಉರಿಯೂತವಿದ್ದ ಇಲಿಗಳ ಮೇಲೆ ಮಾಡಿದ ಪ್ರಯೋಗವು ನಮ್ಮ ಹುಡುಗನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು. ಕೆಲವು ಇಲಿಗಳಿಗೆ ನೀರು ಮಾತ್ರ. ಕೆಲವಕ್ಕೆ ಉಪವಾಸವನ್ನು ಅನುಕರಿಸುವ, ಸಸ್ಯಾಂಶಗಳಿಂದ ಕೂಡಿದ ಅಲ್ಪಾಹಾರ. ನೀರಿನ ಉಪವಾಸದಿಂದ ಉರಿಯೂತದ ಸೂಚಕಗಳು ಇಳಿದವಾದರೂ ಕರುಳಿಗಾಗಿದ್ದ ಹಾನಿ ನೀಗಲಿಲ್ಲ. ಅಲ್ಪಾಹಾರದ ಇಲಿಗಳಲ್ಲಿ ಉರಿಯೂತವೂ ಇಳಿಯಿತು, ಪದರವೂ ಬೆಳೆಯಿತು, ಉಪಕಾರಿಯಾದ ಸೂಕ್ಷ್ಮಜೀವಿಗಳೂ ಹೆಚ್ಚಿದವು. ಬರಿದಾಗಿರುವುದಕ್ಕಿಂತ, ಆ ಅಲ್ಪದಲ್ಲಿ ಏನಿದ್ದಿತೆಂಬುದೇ ಮುಖ್ಯವಾಯಿತು.

ಮನುಷ್ಯರ ಮಾತು

ಇಲಿಗಳಲ್ಲಿ ಸಾಬೀತಾದದ್ದು ಮನುಷ್ಯರಲ್ಲಿ ಸುಳ್ಳಾದ ಉದಾಹರಣೆಗಳು ಸಾವಿರವಿವೆ. ಇಲ್ಲಿ ರಂಜಾನ್ ಮಾಸವು ವಿಜ್ಞಾನಿಗಳಿಗೆ ಒಂದು ಸಹಜ ಪ್ರಯೋಗವನ್ನೇ ಒದಗಿಸಿದೆ. ಇರಾನಿನಲ್ಲಿ 60 ರೋಗಿಗಳನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಉಪವಾಸದಿಂದ ದೊಡ್ಡ ಹಾನಿ ಕಂಡುಬರಲಿಲ್ಲ. ಅನಂತರ ಈಜಿಪ್ಟಿನವರು 80 ರೋಗಿಗಳ ರಕ್ತವನ್ನೂ ಮಲವನ್ನೂ ಪರೀಕ್ಷಿಸಿದರು. ಉರಿಯೂತದ ಸೂಚಕಗಳು ಗಣನೀಯವಾಗಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಆದರೆ ಕೊಲೈಟಿಸ್ ರೋಗಿಗಳ ತೊಂದರೆಯ ಅಂಕವು ಕೊಂಚ ಏರಿತು. ವಯಸ್ಸಾದವರಲ್ಲಿಯೂ ಮೊದಲೇ ಉರಿಯೂತ ಹೆಚ್ಚಿದ್ದವರಲ್ಲಿಯೂ ಇದು ವಿಶೇಷವಾಗಿ ಕಂಡಿತು.

ಅತ್ಯಂತ ಉತ್ಸಾಹಕರವಾದ ಸುದ್ದಿ ಬಂದುದು ಕೆನಡಾದ ಕ್ಯಾಲ್ಗರಿಯಿಂದ, 2025ರಲ್ಲಿ. ಕ್ರೋನ್ ಕಾಯಿಲೆಯ 35 ವಯಸ್ಕರಲ್ಲಿ 20 ಮಂದಿ ಹನ್ನೆರಡು ವಾರಗಳ ಕಾಲ, ವಾರಕ್ಕೆ ಆರು ದಿನ, ಎಂಟು ಗಂಟೆಗಳೊಳಗೆ ಊಟ ಮುಗಿಸಿದರು. ಉಳಿದ 15 ಮಂದಿ ಎಂದಿನಂತೆ ಉಂಡರು. ಮೊದಲ ಗುಂಪಿನವರಲ್ಲಿ ಕಾಯಿಲೆಯ ತೀವ್ರತೆಯ ಅಂಕ ನೂರಕ್ಕೆ 40ರಷ್ಟೂ ಹೊಟ್ಟೆಯ ತೊಂದರೆ ಅರ್ಧದಷ್ಟೂ ಇಳಿದವು. ತೂಕ ಸುಮಾರು ಎರಡೂವರೆ ಕಿಲೋಗ್ರಾಂ ಕಡಿಮೆಯಾಯಿತು. ಇದರ ಹಿಂದೆಯೇ ಅಮೆರಿಕದಲ್ಲಿ ಕ್ರೋನ್ ಕಾಯಿಲೆಯ 97 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವೂ ಹೊರಬಂದಿತು. ತಿಂಗಳಿಗೆ ಐದು ದಿನ ಸಸ್ಯಮೂಲದ ಅಲ್ಪಾಹಾರವನ್ನು ಮೂರು ತಿಂಗಳು ತೆಗೆದುಕೊಂಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಸುಧಾರಿಸಿದರು. ಎಂದಿನಂತೆ ಉಂಡವರಲ್ಲಿ ಅರ್ಧಕ್ಕಿಂತ ಕಡಿಮೆ.

ಈ ಎರಡನೆಯ ಸಂಖ್ಯೆಯನ್ನು ವಿದ್ಯಾರ್ಥಿಗಳು ಮತ್ತೊಮ್ಮೆ ನೋಡಬೇಕು. ವಿಶೇಷವಾಗಿ ಏನೂ ಮಾಡದವರಲ್ಲಿಯೂ ಹತ್ತಿರ ಹತ್ತಿರ ಅರ್ಧದಷ್ಟು ಜನ ಸುಧಾರಿಸಿದರು! ಈ ಕಾಯಿಲೆ ತಾನಾಗಿಯೇ ಏರಿಳಿಯುವ ಸ್ವಭಾವದ್ದು. ಕಾಯಿಲೆ ಏರಿದಾಗ ಉಪವಾಸ ಹಿಡಿದವನಿಗೆ ಅದು ಇಳಿದಾಗ ಉಪವಾಸವೇ ಕಾರಣವೆಂದು ತೋರುವುದು. ಹೋಲಿಕೆಯ ಗುಂಪಿಲ್ಲದ ಸಾಕ್ಷ್ಯವನ್ನು ನಾವು ಸಂಶಯದಿಂದ ನೋಡುವುದು ಇದಕ್ಕಾಗಿಯೇ. ಮೇಲಾಗಿ ಉಪವಾಸವನ್ನು ರೋಗಿಯಿಂದ ಮರೆಮಾಚಲಾಗದು; ಸಕ್ಕರೆಯ ಗುಳಿಗೆಯನ್ನು ಔಷಧವೆಂದು ಕೊಡಬಹುದು, ಊಟವಿಲ್ಲದಿರುವುದನ್ನು ಊಟವೆಂದು ಕೊಡಲು ಸಾಧ್ಯವೆ?

ಇನ್ನು, ಕ್ಯಾಲ್ಗರಿಯ 35 ಮಂದಿ ಎಂಥವರು? ಎಲ್ಲರೂ ಮಿತಿಗಿಂತ ಹೆಚ್ಚು ತೂಕವಿದ್ದವರು. ಹೊಟ್ಟೆಯ ಸುತ್ತಲಿನ ಕೊಬ್ಬು ತಾನೇ ಉರಿಯೂತದ ವಸ್ತುಗಳನ್ನು ಸುರಿಸುವುದರಿಂದ ಅಂಥವರಿಗೆ ತೂಕ ಇಳಿದುದೇ ಹಿತವಾಗಿರಬಹುದು. ನಮ್ಮ ಹುಡುಗನ ಪರಿಸ್ಥಿತಿ ಇದಕ್ಕೆ ವಿರುದ್ಧ. ಮೊದಲನೆಯದಾಗಿ ಅವನದು ಕ್ರೋನ್ ಕಾಯಿಲೆಯಲ್ಲ. ಎರಡನೆಯದಾಗಿ ಅವನಲ್ಲಿ ಕಳೆದುಕೊಳ್ಳಲು ಕೊಬ್ಬಿಲ್ಲ, ಕಳೆಯುತ್ತಿದ್ದುದು ಸ್ನಾಯು. ದಿನವೂ ರಕ್ತ ಹೋಗುತ್ತಿರುವವನಿಗೆ ಕಬ್ಬಿಣವೂ ಪ್ರೋಟೀನೂ ಹೆಚ್ಚಾಗಿ ಬೇಕು. ದಿನಕ್ಕೆ ಒಂದೇ ಊಟದಲ್ಲಿ, ಅದೂ ನೋಯುವ ಹೊಟ್ಟೆಯಲ್ಲಿ, ಅಷ್ಟನ್ನು ತುಂಬುವುದು ಆಗದ ಮಾತು. ಅವನು ಬಿಟ್ಟಿದ್ದ ಮಾತ್ರೆಗಳಲ್ಲಿ ಪ್ರೆಡ್ನಿಸೊಲೋನ್ ಕೂಡ ಇದ್ದಿತೆಂದು ತಿಳಿದಾಗ ನನ್ನ ವೈದ್ಯಮಿತ್ರರ ಮುಖ ಗಂಭೀರವಾಯಿತು. ಅದನ್ನು ವಾರಗಟ್ಟಲೆ ತೆಗೆದುಕೊಂಡವರ ದೇಹವು ಅದೇ ಬಗೆಯ ಸ್ವಂತ ಹಾರ್ಮೋನನ್ನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ; ಆದ್ದರಿಂದ ಅದನ್ನು ಹಂತಹಂತವಾಗಿ ಇಳಿಸಬೇಕೇ ಹೊರತು ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಮಾರನೆಯ ದಿನವೇ ನಾನು ಅವನನ್ನು ಕರೆದುಕೊಂಡು ಅವನ ವೈದ್ಯರ ಬಳಿಗೆ ಹೋದೆನು. ಎಲ್ಲರೆದುರಿಗೆ ಗದರಿಸಿದುದಕ್ಕಾಗಿ ದಾರಿಯಲ್ಲಿ ಕ್ಷಮೆಯನ್ನೂ ಕೇಳಿದೆನು. ಅವನು ನಾಚಿಕೊಂಡು ಕಿಟಕಿಯಾಚೆ ನೋಡಿದನು. ವೈದ್ಯರು ಮಾತ್ರೆಗಳನ್ನು ಮತ್ತೆ ಆರಂಭಿಸಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವಾಗಿ ಉಣ್ಣಬೇಕೆಂದು ಹೇಳಿದರು. ಮೆತ್ತಗೆ ಬೇಯಿಸಿದ ಅನ್ನ, ಬೇಳೆಯ ಕಟ್ಟು, ಮೊಟ್ಟೆ, ಬಾಳೆಯ ಹಣ್ಣು, ಹೊಟ್ಟೆಗೆ ಒಗ್ಗಿದರೆ ಮೊಸರು. ರಾತ್ರಿ ಎಂಟರಿಂದ ಬೆಳಗಿನ ಏಳರವರೆಗೆ ಏನನ್ನೂ ತಿನ್ನದಿದ್ದರೆ ಅಡ್ಡಿಯಿಲ್ಲವೆಂದೂ, ನಿದ್ದೆಯೂ ಸೇರಿ ಅದೇ ಹನ್ನೊಂದು ಗಂಟೆಗಳ ಉಪವಾಸವಾಯಿತೆಂದೂ ನಕ್ಕರು. ಅದಕ್ಕಿಂತ ಹೆಚ್ಚಿನದನ್ನು, ಬೇಕೆನಿಸಿದರೆ, ಕಾಯಿಲೆ ಪೂರ್ತಿ ಶಮನವಾಗಿ ತೂಕವು ಮೊದಲಿನಷ್ಟಕ್ಕೆ ಬಂದ ಮೇಲೆ ತಮ್ಮೊಡನೆ ಮಾತನಾಡಬೇಕೆಂದರು.

ವರ್ಷಾಂತ್ಯದ ಹೊತ್ತಿಗೆ ಹುಡುಗನ ತೂಕ 55ಕ್ಕೆ ಬಂದಿದ್ದಿತು. ಪರೀಕ್ಷೆಯಲ್ಲಿ ಅವನಿಗೆ ಮತ್ತೆ ಕೇಟರನ ಲೋಲಕವೇ ಬಂದಿತು. ಬಾಗಿಲ ಬಳಿಯ ಮೇಜನ್ನು ಅವನಿಗಾಗಿ ಬಿಡಿಸಿ ಇರಿಸಿದ್ದೆನು. ಐವತ್ತು ಆಂದೋಲನಗಳನ್ನು ಮೂರು ಸಲವೂ ಎಣಿಸಿ ಮುಗಿಸಿದ ಮೇಲೆಯೇ ಅವನು ಒಮ್ಮೆ ಹೊರಗೆ ಹೋಗಿ ಬಂದನು.